ನಾಯಿಮರಿ ಮಾರೋದು ಬಿಡಿ, ಸ್ನಾನದ ತೊಟ್ಟಿಯಿಂದ ಶುರು ಮಾಡಿ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು, ವಯಸ್ಸು 31, ಬೆಂಗಳೂರಲ್ಲಿ ಐಟಿ ಕೆಲಸ. ಊರಲ್ಲಿ ಅಪ್ಪನದೇ ಒಂದು ಮಳಿಗೆ ಇದೆ, 300 ಚದರಡಿ, ಮೇಲ್ಗಡೆ ಮನೆ ಖಾಲಿ ಬಿದ್ದಿದೆ. ಕೈಲಿ 8 ಲಕ್ಷ ಇದೆ. ಪೆಟ್ ಶಾಪ್ ಹಾಕ್ಬೇಕು ಅಂತಿದೀನಿ. ಫುಡ್ಡು, ಬೆಲ್ಟು, ಆಟಿಕೆ, ನಾಯಿಮರಿ, ಗಿಳಿ, ಲವ್‌ಬರ್ಡ್ಸ್, ಸ್ನಾನ-ಕಟಿಂಗ್ ಮಾಡೋ ಗ್ರೂಮಿಂಗ್, ಮೇಲ್ಗಡೆ ಊರಿಗೆ ಹೋಗೋರ ನಾಯಿ ಇಟ್ಕೊಂಡು ನೋಡ್ಕೊಳೋ ಬೋರ್ಡಿಂಗ್. ದುಡ್ಡು ಸಾಕಾಗತ್ತಾ? ಲೈಸೆನ್ಸ್ ಏನೇನು ಬೇಕು? ಕೆಲಸ ಬಿಡ್ಲಾ? ಅಪ್ಪ ಬೇರೆ "ನಾಯಿಗೆ ಸ್ನಾನ ಮಾಡ್ಸೋಕೆ ನಿನ್ನ ಇಂಜಿನಿಯರಿಂಗ್ ಓದ್ಸಿದ್ನಾ" ಅಂತ ಕೂತಿದಾರೆ.

ಉತ್ತರ: ನಿಮ್ಮ ಪಟ್ಟಿ ನೋಡಿದ ತಕ್ಷಣ ನಂಗೆ ನಗು ಬಂತು, ಯಾಕಂದ್ರೆ 2012ರಲ್ಲಿ ಮೈಸೂರಲ್ಲಿ ನಾನು ಅಂಗಡಿ ಹಾಕಿದಾಗ ನನ್ನ ಪಟ್ಟಿನೂ ಹಿಂಗೇ ಇತ್ತು, ಮೀನಿನ ತೊಟ್ಟಿ ಒಂದು ಜಾಸ್ತಿ. ಅದ್ರಲ್ಲಿ ಇವತ್ತಿಗೆ ಉಳ್ಕೊಂಡಿರೋದು ಎರಡೇ, ಗ್ರೂಮಿಂಗ್ ಮತ್ತೆ ಅದಕ್ಕೆ ಆಸರೆಯಾಗಿ ಒಂದು ಸಣ್ಣ ಅಂಗಡಿ. ನೀವು ಅಂಗಡಿ ಮೊದ್ಲು, ಗ್ರೂಮಿಂಗ್ ಆಮೇಲೆ ಅಂತ ಬರ್ದಿದೀರಿ, ಅದನ್ನ ತಿರುಗಿಸಿ ಹಾಕಿ ಅಂತಷ್ಟೇ ನಾನು ಹೇಳೋದು. ಫುಡ್ ಚೀಲ ಇವತ್ತು ಫೋನಲ್ಲಿ ಬರತ್ತೆ, ದೊಡ್ಡೂರುಗಳಲ್ಲಿ ಹತ್ತು ನಿಮಿಷಕ್ಕೆ ಬಾಗಿಲಿಗೇ ಬರತ್ತೆ, ಅದೂ ನಿಮ್ಗೆ ಡಿಸ್ಟ್ರಿಬ್ಯೂಟರ್ ಕೊಡೋ ರೇಟಿಗೆ ಹತ್ತಿರದಲ್ಲಿ. ಸ್ನಾನ ಫೋನಲ್ಲಿ ಬರಲ್ಲ.

ಲೆಕ್ಕ ಹಾಕಿ ನೋಡಿ. ಹೆಸರಾದ ಕಂಪನಿ ಫುಡ್ಡಲ್ಲಿ, ಪೆಡಿಗ್ರೀ ಆಗ್ಲಿ ರಾಯಲ್ ಕ್ಯಾನಿನ್ ಆಗ್ಲಿ ಡ್ರೂಲ್ಸ್ ಆಗ್ಲಿ, ಗಿರಾಕಿಗೆ ಡಿಸ್ಕೌಂಟ್ ಕೊಟ್ಟ ಮೇಲೆ ನನ್ನ ಕೈಲಿ ನಿಲ್ಲೋದು ನೂರಕ್ಕೆ ಹತ್ತು ಅಂತಿಟ್ಕೊಳಿ. 3000 ರೂಪಾಯಿ ಚೀಲ ಮಾರಿದ್ರೆ 300. ತಿಂಗಳಿಗೆ 20 ಚೀಲ ಹೋದ್ರೂ 6000, ಅದ್ರಲ್ಲಿ ಒಂದಕ್ಕೆ ಇಲಿ ಬಾಯಿ ಹಾಕಿದ್ರೆ ಆ ತಿಂಗಳ ಅರ್ಧ ಲಾಭ ಇಲಿಗೆ. ಅದೇ ಒಂದು ಶಿಟ್ಜು ನಾಯಿಗೆ ಪೂರ್ತಿ ಗ್ರೂಮಿಂಗ್ ಮಾಡಿದ್ರೆ ನಿಮ್ಮೂರಲ್ಲಿ 1000 ರೂಪಾಯಿ ಕೇಳ್ಬೋದು, ಶ್ಯಾಂಪೂ ಕರೆಂಟು ಎಲ್ಲಾ ತೆಗೆದ್ರೂ ಮೂರು ಚೀಲ ಮಾರಿದಷ್ಟು ಸಿಗತ್ತೆ, ಮತ್ತೆ ಅದೇ ನಾಯಿ ಐದಾರು ವಾರಕ್ಕೆ ತಿರ್ಗ ಬರ್ಲೇಬೇಕು, ಯಾಕಂದ್ರೆ ಶಿಟ್ಜು ಕೂದ್ಲು ನಮ್ಮ ಕೂದ್ಲಿನ ಥರ ಬೆಳೀತಾನೇ ಇರತ್ತೆ. ಬೆಲ್ಟು, ಬಟ್ಲು, ಬಾಚಣಿಗೆ ಇದ್ರಲ್ಲಿ ಮಾರ್ಜಿನ್ ಚೆನ್ನಾಗಿದೆ, ಆದ್ರೆ ಬೆಲ್ಟ್ ತಗೊಂಡೋನು ಮತ್ತೆ ಬರೋದು ನಾಯಿ ಅದನ್ನ ಕಡಿದಾಗ.

ಇನ್ನು ನಾಯಿಮರಿ. ಇದನ್ನ ನಾನು ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೊದಲ್ನೇ ವರ್ಷ ನಾನು ಮರಿ ಮಾರ್ತಿದ್ದೆ. ಒಬ್ಬ ಬ್ರೀಡರ್ ಲ್ಯಾಬ್ರಡಾರ್ ಮರಿ ತಂದ್ಕೊಟ್ಟ, 45 ದಿನದ್ದು ಅಂದ, ಹಲ್ಲು ನೋಡಿದ್ರೆ ಅಷ್ಟೂ ಆಗಿರ್ಲಿಲ್ಲ. ಮಾರಿದ ಐದ್ನೇ ದಿನ ರಕ್ತಭೇದಿ ಆಗಿ ಸತ್ತೋಯ್ತು, ಪಾರ್ವೋ ಅಂತ ನಾಯಿಮರಿಗಳಿಗೆ ಬರೋ ಅಂಟುರೋಗ. ದುಡ್ಡು ವಾಪಸ್ ಕೊಟ್ಟೆ, ಅಂಗಡಿ ನೆಲ ಪೂರ್ತಿ ಫಿನಾಯಿಲ್ ಹಾಕಿ ಎರಡು ಸಲ ತೊಳ್ಸಿದೆ, ಎಲ್ಲಾ ಸರಿಹೋಯ್ತು ಅಂದ್ಕೊಂಡು ಮೂರು ವಾರ ಬಿಟ್ಟು ಇನ್ನೊಂದು ಮರಿ ಅದೇ ಜಾಗದಲ್ಲಿ ಇಟ್ಟೆ, ಅದೂ ಹೋಯ್ತು. ಆಮೇಲೆ ಡಾಕ್ಟ್ರು ಕೂರ್ಸಿ ಹೇಳಿದ್ರು, ಪಾರ್ವೋ ವೈರಸ್ ಫಿನಾಯಿಲ್‌ಗೆ ಸಾಯಲ್ಲ, ನೆಲದಲ್ಲಿ ತಿಂಗಳುಗಟ್ಟಲೆ ಕೂತಿರತ್ತೆ, ಅದಕ್ಕೆ ಬ್ಲೀಚ್ ಬೇಕು ಅಂತ. ಮೊದ್ಲು ಸೋಪಲ್ಲಿ ಕೊಳೆ ತೆಗ್ದು, ಆಮೇಲೆ 1 ಪಾಲು ಬ್ಲೀಚ್‌ಗೆ 30 ಪಾಲು ನೀರು, ಹತ್ತು ನಿಮಿಷ ನೆನೆಬಿಟ್ಟು ತೊಳೀಬೇಕು. ಅವತ್ತಿಂದ ನಾನು ಮರಿ ಮಾರಿಲ್ಲ. ಪಾಪ ಪುಣ್ಯದ ಮಾತು ಒಂದ್ಕಡೆ ಇರ್ಲಿ, ವ್ಯಾಪಾರದ ಲೆಕ್ಕದಲ್ಲೂ ಮರಿ ಇರೋ ಅಂಗಡಿಗೆ ವ್ಯಾಕ್ಸಿನ್ ಆಗದ ನಾಯಿ ಸ್ನಾನಕ್ಕೆ ಬಂದ್ರೆ ಎರಡೂ ಕಡೆ ಅಪಾಯ.

ಕಾನೂನೂ ಇದೆ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಜೀವ ಇರೋ ಪ್ರಾಣಿ ಪಕ್ಷಿ ಇಟ್ಟು ಮಾರೋ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಲಿ ರಿಜಿಸ್ಟರ್ ಆಗ್ಲೇಬೇಕು, ಸರ್ಟಿಫಿಕೇಟ್ 5 ವರ್ಷಕ್ಕೆ, ಜೊತೆಗೆ ಗೂಡಿನ ಅಳತೆ, ರಿಜಿಸ್ಟರ್ ಪುಸ್ತಕ, ಇನ್‌ಸ್ಪೆಕ್ಷನ್ ಎಲ್ಲಾ ಬರತ್ತೆ. ನಾಯಿ ಬ್ರೀಡ್ ಮಾಡೋರಿಗೆ 2017ರ ನಿಯಮ ಬೇರೆ ಇದೆ, ಎಂಟು ವಾರ ಆಗದ ಮರಿ ಮಾರೋ ಹಾಗೇ ಇಲ್ಲ. ಬರೀ ಸಾಮಾನು ಮಾರ್ತೀನಿ, ಸ್ನಾನ ಮಾಡಿಸ್ತೀನಿ ಅಂದ್ರೆ ಪೆಟ್ ಶಾಪ್ ರಿಜಿಸ್ಟ್ರೇಷನ್ನಿನ ತಲೆನೋವು ನಿಮ್ಗೆ ಬರಲ್ಲ. ಗಿಳಿ ಅಂತ ಬರ್ದಿದೀರಲ್ಲ, ನಮ್ಮೂರ ಹಸಿರು ಗಿಳಿ ಆದ್ರೆ ಅದು 1972ರ ವನ್ಯಜೀವಿ ಕಾಯ್ದೆ ಕೆಳಗೆ ಬರತ್ತೆ, ಮಾರೋದಿರ್ಲಿ ಸಾಕೋದೂ ಅಪರಾಧ. ನಕ್ಷತ್ರ ಆಮೆನೂ ಅಷ್ಟೇ, ಮನೇಲಿದ್ರೆ ಲಕ್ಷ್ಮಿ ಬರ್ತಾಳೆ ಅಂತ ಕೇಳ್ಕೊಂಡು ಬರೋರು ನಿಮ್ಮ ಅಂಗಡಿಗೂ ಬರ್ತಾರೆ, ಅರಣ್ಯ ಇಲಾಖೆಯೋರು ಬರ್ತಾರೆ ಅಂತ ಹೇಳಿ ಕಳ್ಸಿ. ಆಫ್ರಿಕನ್ ಗ್ರೇ, ಮಕಾವ್ ಇಂಥ ವಿದೇಶಿ ಹಕ್ಕಿಗಳಿಗೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಲ್ಲಿ ನೋಂದಣಿ ಬೇಕು. ಲವ್‌ಬರ್ಡ್ಸ್ ಇಟ್ರೂ ಜೀವ ಇಟ್ಟ ಹಾಗೇ ಆಯ್ತು, ಪೆಟ್ ಶಾಪ್ ರಿಜಿಸ್ಟ್ರೇಷನ್ ಆಗ್ಲೇಬೇಕು. ಒಟ್ಟು ಮೊದ್ಲು ಈ ಸಾಲು ಪಟ್ಟಿಯಿಂದ ಹೊಡ್ದಾಕಿ.

ಉಳಿದ ಕಾಗದ ಪತ್ರ ಸುಲಭ. ಮಹಾನಗರ ಪಾಲಿಕೆ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ ಕಾಯ್ದೆ ಕೆಳಗೆ ನೋಂದಣಿ, ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡೋ ನೋಂದಣಿ, ಪೂರ್ತಿ ಫ್ರೀ, ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ), ಕರೆಂಟ್ ಅಕೌಂಟ್. ಜಿಎಸ್‌ಟಿ ವಿಷಯದಲ್ಲಿ ಬಹಳ ಜನ ಎಡವೋದು ಒಂದು ಕಡೆ. ಬರೀ ಸಾಮಾನು ಮಾರೋರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟೋವರೆಗೆ ರಿಜಿಸ್ಟ್ರೇಷನ್ ಬೇಡ, ಅದು ಎಲ್ಲರಿಗೂ ಗೊತ್ತು. ಆದ್ರೆ ಜೊತೆಗೆ ಗ್ರೂಮಿಂಗ್ ಥರ ಸರ್ವಿಸ್ ಸೇರಿಸಿದ್ರೆ ಮಿತಿ 20 ಲಕ್ಷಕ್ಕೆ ಇಳಿಯತ್ತೆ, ಸಾಮಾನು ಸರ್ವಿಸ್ ಎರಡೂ ಸೇರಿ. ಫುಡ್ ಮಾರಿದ್ರೆ 20 ಲಕ್ಷ ಅನ್ನೋದು ಬೇಗ ಆಗೋಗತ್ತೆ, ಲಾಭ ಇಲ್ದೇ ಇದ್ರೂ ವಹಿವಾಟು ದೊಡ್ಡದಾಗಿ ಕಾಣತ್ತೆ. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯೋರಿಗೆ ಯುಪಿಐ ಲೆಕ್ಕ ಹಿಡ್ಕೊಂಡು ನೋಟಿಸ್ ಬಂದಿದ್ದು ನೆನಪಿರ್ಬೇಕಲ್ಲ, ನಮ್ಮದೂ ಅದೇ ಜಾತಿ ವ್ಯಾಪಾರ, ಎಲ್ಲಾ ಸ್ಕ್ಯಾನರ್ ಮೇಲೇ ನಡಿಯೋದು. ಹಾಗಾಗಿ ಮೊದಲ ದಿನದಿಂದ ಸಾಮಾನಿನ ಬಿಲ್ ಬೇರೆ, ಸ್ನಾನದ ಬಿಲ್ ಬೇರೆ ಬರೀರಿ, ಒಬ್ಬ ಒಳ್ಳೆ ಆಡಿಟರ್ ಹಿಡ್ಕೊಳಿ. ಪೆಟ್ ಫುಡ್ ಮೇಲೆ ತೆರಿಗೆ 18%.

ಈಗ 8 ಲಕ್ಷ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ ಅಂದ್ರೆ ಸಾಕು, ಆದ್ರೆ ಎಲ್ಲಾನೂ ಖರ್ಚು ಮಾಡ್ಬೇಡಿ. ನಾನಾಗಿದ್ರೆ ಗ್ರೂಮಿಂಗ್ ರೂಮಿಗೆ ಎರಡೂವರೆ ಲಕ್ಷ, ಸ್ಟಾಕ್‌ಗೆ ಒಂದೂವರೆ, ಬೋರ್ಡು ರ‍್ಯಾಕು ಇತ್ಯಾದಿಗೆ ಒಂದು, ಉಳಿದ ಮೂರು ಲಕ್ಷ ಮುಟ್ಟೋ ಹಾಗಿಲ್ಲ, ಅದು ಎಂಟು ಹತ್ತು ತಿಂಗಳು ಸಂಬಳ ಕರೆಂಟು ಮನೆ ಖರ್ಚಿಗೆ. ಸಾಲ ಬೇಕು ಅಂದ್ರೆ ಸರ್ಕಾರದ ಮುದ್ರಾ ಯೋಜನೆ ಇದೆ, ಅದ್ರ ಕಿಶೋರ್ ಅನ್ನೋ ವಿಭಾಗದಲ್ಲಿ 5 ಲಕ್ಷದವರೆಗೆ ಕೊಡ್ತಾರೆ, ಆದ್ರೆ ಮೊದಲ್ನೇ ವರ್ಷ ತಗೋಬೇಡಿ, ನಾಯಿ ಬಂದ್ರೂ ಬರ್ದಿದ್ರೂ ಕಂತು ಬರತ್ತೆ.

ಗ್ರೂಮಿಂಗ್ ರೂಮಲ್ಲಿ ಜನ ದುಡ್ಡು ಹಾಕೋದು ಗೋಡೆ ಮೇಲಿನ ನಾಯಿ ಚಿತ್ರಕ್ಕೆ, ಹಾಕ್ಬೇಕಾಗಿರೋದು ನೆಲ, ನೀರು, ಕರೆಂಟಿಗೆ. ನಾಯಿ ಒಣಗಿಸೋ ಬ್ಲೋವರ್ ಒಂದೇ 2000 ವ್ಯಾಟ್ ಮೇಲೆ ಎಳಿಯತ್ತೆ, ಗೀಸರ್ 2000, ಎಸಿ 1500, ಮೂರೂ ಒಟ್ಟಿಗೆ ಓಡ್ತವೆ, ಹಳೇ ಮಳಿಗೆ ಮೀಟರ್ 2 ಕಿಲೋವ್ಯಾಟ್ ಇದ್ರೆ ಮೊದಲ್ನೇ ಶನಿವಾರನೇ ಟ್ರಿಪ್ ಆಗಿ ನೆನೆದ ನಾಯಿ ಜೊತೆ ಕತ್ತಲಲ್ಲಿ ಕೂತಿರ್ತೀರಿ. ಬೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡಿಸ್ಕೊಳಿ, ವೈರಿಂಗ್ ಹೊಸದಾಗಿ ಎಳ್ಸಿ, ಒದ್ದೆ ಜಾಗ ಆದ್ರಿಂದ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಬ್ರೇಕರ್) ಇಲ್ದೇ ಸ್ವಿಚ್ ಹಾಕ್ಬೇಡಿ. ಸ್ನಾನದ ತೊಟ್ಟಿ ಆನ್‌ಲೈನಲ್ಲಿ ತರ್ಸೋದು ಬೇಡ, ಹೋಟ್ಲಿಗೆ ಸ್ಟೀಲ್ ಸಿಂಕ್ ಮಾಡಿಕೊಡೋ ಫ್ಯಾಬ್ರಿಕೇಟರ್ ಹತ್ರ ಅಳತೆ ಕೊಟ್ಟು ಮಾಡ್ಸಿ, ಬೆಣ್ಣೆ ದೋಸೆ ಊರಲ್ಲಿ ಹೋಟ್ಲು ಸಾಮಾನು ಮಾಡೋರಿಗೇನು ಬರವಾ. ನಿಮ್ಮ ಸೊಂಟದ ಎತ್ತರಕ್ಕಿರ್ಲಿ, ಇಲ್ಲಾಂದ್ರೆ ಆರು ತಿಂಗಳಲ್ಲಿ ಬೆನ್ನು ಹೋಗತ್ತೆ. ಚರಂಡಿ ಬಾಯಿಗೆ ಎರಡು ಹಂತದ ಜಾಲರಿ ಬೇಕೇ ಬೇಕು. ನಂದು ಮೊದ್ಲು ಬ್ಲಾಕ್ ಆದಾಗ ಪ್ಲಂಬರ್ ಪೈಪಿಂದ ಎಳ್ದಿದ್ದು ನೋಡಿ ಒಳಗಡೆ ಇನ್ನೊಂದು ಪಮೇರಿಯನ್ ಇದೆ ಅಂದ್ಕೊಂಡೆ. ಬೋರ್‌ವೆಲ್ ನೀರು ಗಡಸಾಗಿದ್ರೆ ಶ್ಯಾಂಪೂ ನೊರೆ ಬರಲ್ಲ, ಪೂರ್ತಿ ತೊಳ್ದೂ ಹೋಗಲ್ಲ, ಉಳಿದ ಶ್ಯಾಂಪೂ ಚರ್ಮ ಕೆರ್ಸತ್ತೆ, ಬೈಗುಳ ನಿಮ್ಗೆ ಬರತ್ತೆ. ಕೊನೇ ಬಕೆಟ್ ಆದ್ರೂ ಕಾರ್ಪೊರೇಷನ್ ನೀರಿರ್ಲಿ.

ಮುಚ್ಚಿದ ಪೆಟ್ಟಿಗೆ ಒಳಗೆ ಬಿಸಿಗಾಳಿ ಬಿಡೋ ಡ್ರೈಯರ್ ಮಾರೋಕೆ ಸೇಲ್ಸ್‌ನೋರು ಬರ್ತಾರೆ, ಕೈ ಫ್ರೀ ಆಗತ್ತೆ ಮೇಡಂ ಅಂತಾರೆ. ತಗೋಬೇಡಿ. ಪಗ್ ಥರ ಚಪ್ಪಟೆ ಮೂತಿ ನಾಯಿಗಳು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡ್ಕೋಬೇಕು, ಅವಕ್ಕೆ ಆ ಉಸಿರೇ ಸರಿಯಾಗಿ ಓಡಲ್ಲ, ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಅಂಥಾ ಪೆಟ್ಟಿಗೆಲಿ ಹದಿನೈದು ನಿಮಿಷ ಮರೆತ್ರಿ ಅಂದ್ರೆ ನಾಯಿ ಉಳಿಯಲ್ಲ.

ಕೆಲಸ ಹೆಂಗಿರತ್ತೆ ಅಂತ ಒಂದು ನಾಯಿ ಮೂಲಕ ಹೇಳ್ತೀನಿ. ಶಿಟ್ಜು ಬರತ್ತೆ, ನೋಡೋಕೆ ಮೇಲ್ಗಡೆ ಚೆನ್ನಾಗಿ ಬಾಚಿರ್ತಾರೆ. ನೀವು ಬೆರಳು ಕಿವಿ ಹಿಂದೆ, ಕಂಕುಳಲ್ಲಿ, ಬೆಲ್ಟ್ ಕಟ್ಟೋ ಜಾಗದಲ್ಲಿ ಹಾಕ್ಬೇಕು, ಅಲ್ಲಿ ಕೂದ್ಲು ಜಡೆಗಟ್ಟಿ ಕಂಬಳಿ ಥರ ಚರ್ಮಕ್ಕೆ ಅಂಟ್ಕೊಂಡಿರತ್ತೆ. ಒಣಗಿರೋವಾಗ್ಲೇ ಅದನ್ನ ಬಿಡಿಸ್ಬೇಕು, ನೀರು ಬಿದ್ರೆ ಇನ್ನೂ ಬಿಗಿಯಾಗತ್ತೆ. ಕತ್ತರಿಲಿ ಕತ್ತರಿಸೋಕೆ ಹೋಗ್ಬೇಡಿ, ಜಡೆ ಯಾವ್ದು ಚರ್ಮ ಯಾವ್ದು ಕಣ್ಣಿಗೆ ಗೊತ್ತಾಗಲ್ಲ. ನನ್ನ ಎರಡ್ನೇ ವರ್ಷ ಇದೇ ತಪ್ಪು ನಾನೇ ಮಾಡಿ ಒಂದು ನಾಯಿ ಕಿವಿ ಅಂಚು ಕತ್ತರಿಸಿ ಎರಡು ಹೊಲಿಗೆ ಹಾಕಿಸ್ಬೇಕಾಯ್ತು, ಬಿಲ್ ನಾನೇ ಕಟ್ದೆ, ಆ ಮನೆಯವ್ರು ಮತ್ತೆ ಬರ್ಲಿಲ್ಲ, ಅವರ ಬೀದಿಯವ್ರೂ ಬರ್ಲಿಲ್ಲ. ಈಗ ಟ್ರಿಮ್ಮರ್ ಮೆಷಿನ್ನಿಗೆ 10 ನಂಬರ್ ಬ್ಲೇಡ್ ಹಾಕಿ ಚರ್ಮದ ಮೇಲೆ ಚಪ್ಪಟೆಯಾಗಿ ಮಲಗಿಸಿ ಅದ್ರಲ್ಲೇ ತೆಗೀತೀವಿ, ಬ್ಲೇಡ್ ಬಿಸಿ ಆಗಿದ್ಯಾ ಅಂತ ಐದು ನಿಮಿಷಕ್ಕೊಂದ್ಸಲ ನಮ್ಮ ಮಣಿಕಟ್ಟಿಗೆ ಇಟ್ಟು ನೋಡ್ತೀವಿ. ನಾಯಿ ಒಳಗೆ ಬಂದ ತಕ್ಷಣ ಜಡೆ, ಗಾಯ, ರಕ್ತ ಹೀರೋ ಉಣ್ಣೆ ಹುಳ ಎಲ್ಲಾ ಓನರ್ ಮುಂದೇನೇ ತೋರ್ಸಿ ಫೋಟೋ ತೆಗೆದು ಕಾಗದಕ್ಕೆ ಸೈನ್ ಹಾಕಿಸ್ಕೊತೀವಿ. ಜಗಳದಲ್ಲಿ ಮುಕ್ಕಾಲು ಪಾಲು ಆ ಸೈನ್‌ಗೇ ಮುಗ್ದೋಗತ್ತೆ.

ಇನ್ನೊಂದು, ಬೇಸಿಗೆ ಬಂತು ಅಂದ್ರೆ "ಮೇಡಂ ಸೆಖೆ, ಪೂರ್ತಿ ಬೋಳಿಸಿಬಿಡಿ" ಅಂತ ಹಸ್ಕಿ, ಗೋಲ್ಡನ್, ಪಮೇರಿಯನ್ ತರ್ತಾರೆ. ಇವಕ್ಕೆ ಎರಡು ಪದರ ಕೂದ್ಲು, ಮೇಲಿನ ಪದರ ಬಿಸಿಲು ತಡಿಯತ್ತೆ, ಬೋಳಿಸಿದ್ರೆ ಚರ್ಮ ಸುಡತ್ತೆ, ಎಷ್ಟೋ ಸಲ ಮತ್ತೆ ಸರಿಯಾಗಿ ಬೆಳೆಯೋದೂ ಇಲ್ಲ. ಒಳಪದರದ ಸತ್ತ ಕೂದ್ಲು ಬಾಚಿ ತೆಗೆದ್ರೆ ಸಾಕು. ಇದನ್ನ ಹೇಳಿ ಗಿರಾಕಿ ವಾಪಸ್ ಕಳ್ಸೋ ಧೈರ್ಯ ಬೇಕು, ಕಳ್ಸಿದೋರಲ್ಲಿ ಅರ್ಧ ಜನ ಬೇರೆ ಕಡೆ ಬೋಳಿಸ್ಕೊಂಡು, ಮುಂದಿನ ವರ್ಷ ನಿಮ್ಮ ಹತ್ರಾನೇ ಬರ್ತಾರೆ. ಮುಧೋಳ ನಾಯಿ ಇಟ್ಕೊಂಡೋರು ಬಂದ್ರೆ ಒಂದು ಬಟ್ಟೆ ಕೊಟ್ಟು ಒರ್ಸಿ ಅಂತ ಕಳ್ಸಿ, ಅದಕ್ಕೆ ಗ್ರೂಮಿಂಗ್ ಬೇಕಾಗಿಲ್ಲ, ಉಗುರು ಕತ್ತರ್ಸಿದ್ರೆ ಆಯ್ತು.

ಬೆಕ್ಕಿನ ವಿಷಯ ಬೇರೇನೇ. ನೆಲಕ್ಕೆ ಫಿನಾಯಿಲ್ ಹಾಕಿದ್ರೆ ಬೆಕ್ಕು ಕಾಲು ನೆಕ್ಕೊಂಡು ಒಳಗೆ ತಗೊಳತ್ತೆ, ಅದರ ಲಿವರ್‌ಗೆ ಅದನ್ನ ಅರಗಿಸೋ ಶಕ್ತಿ ಇಲ್ಲ. ನಾಯಿ ಉಣ್ಣೆಗೆ ಬೆನ್ನಿಗೆ ಹಾಕೋ ಪರ್ಮೆಥ್ರಿನ್ ಇರೋ ಔಷಧಿ ಬೆಕ್ಕಿಗೆ ವಿಷ, ನಡುಕ ಬಂದು ಸಾಯ್ಬೋದು. ಅಂಗಡಿಲಿ ನಾಯಿ ಉಣ್ಣೆ ಔಷಧಿನೂ ಬೆಕ್ಕಿನ ಔಷಧಿನೂ ಒಂದೇ ರ‍್ಯಾಕಲ್ಲಿ ಇಡ್ಬೇಡಿ, ಹುಡುಗ್ರು ಕೈತಪ್ಪಿ ಕೊಟ್ಟುಬಿಡ್ತಾರೆ. ಅಂದ ಹಾಗೆ ಔಷಧಿ ಮಾರೋಕೆ ಡ್ರಗ್ ಲೈಸೆನ್ಸ್ ಬೇಕು. ಇಂಜೆಕ್ಷನ್ ಅಂತೂ ಮುಟ್ಲೇಬೇಡಿ, ವ್ಯಾಕ್ಸಿನ್ ಹಾಕೋದು, ಚಿಕಿತ್ಸೆ ಕೊಡೋದು ರಿಜಿಸ್ಟರ್ ಆಗಿರೋ ಪಶುವೈದ್ಯರ ಕೆಲಸ, 1984ರ ಕಾಯ್ದೆನೇ ಇದೆ ಅದಕ್ಕೆ. ನಿಮ್ಮೂರ ಡಾಕ್ಟ್ರುಗಳನ್ನ ಮೊದ್ಲೇ ಹೋಗಿ ಮಾತಾಡ್ಸಿ, ನಾನು ಔಷಧಿ ಕೊಡಲ್ಲ, ಚರ್ಮ ಕಿವಿ ತೊಂದ್ರೆ ಕಂಡ್ರೆ ನಿಮ್ಮ ಹತ್ರ ಕಳಿಸ್ತೀನಿ ಅನ್ನಿ. ಸ್ನಾನ ಮಾಡಿಸೋರ ಕಣ್ಣಿಗೆ ಉಣ್ಣೆ, ಗಂಟು, ಕಿವಿ ಕೀವು ಡಾಕ್ಟ್ರಿಗಿಂತ ಮೊದ್ಲು ಬೀಳತ್ತೆ, ಉಣ್ಣೆ ಜ್ವರ ನಮ್ಮ ಕಡೆ ವರ್ಷಪೂರ್ತಿ ಇರೋದೇ. ನೀವೂ, ಕೆಲಸಕ್ಕಿಟ್ಕೊಳೋ ಹುಡುಗ್ರೂ ಕಚ್ಚಿಸ್ಕೊಳೋಕೆ ಮುಂಚೆನೇ ರೇಬೀಸ್ ಲಸಿಕೆ ಹಾಕಿಸ್ಕೊಳಿ.

ಸ್ಟಾಕ್ ವಿಷಯದಲ್ಲಿ ಒಂದು ಮಾತು. ದಾವಣಗೆರೆಲಿ ನಿಮ್ಮ ಫುಡ್ಡಿಗೆ ಪೈಪೋಟಿ ಇನ್ನೊಂದು ಪೆಟ್ ಶಾಪ್ ಅಲ್ಲ, ಮನೆಯ ಅನ್ನ ಮೊಸರು ಮತ್ತೆ ಚಿಕನ್ ಅಂಗಡಿಯ ಕೋಳಿ ಕಾಲು. ಅದನ್ನ ಬೈಯೋಕೆ ಹೋಗ್ಬೇಡಿ, ಬೇಯಿಸಿದ ಮೂಳೆ ಮಾತ್ರ ಕೊಡ್ಬೇಡಿ, ಸೀಳಿ ಕರುಳಿಗೆ ಚುಚ್ಚತ್ತೆ ಅಂತ ಹೇಳಿ. ಜನ ಮೊದ್ಲು ಕೇಳೋದು ಮರಿ ಫುಡ್ಡಿನ ಸಣ್ಣ ಪ್ಯಾಕು, ಬೆಕ್ಕಿನ ಫುಡ್ಡು, ಬೆಕ್ಕಿನ ಮಣ್ಣು (ಅದು ಮನೆಯೊಳಗೆ ಮಲಮೂತ್ರ ಮಾಡೋಕೆ ತಟ್ಟೇಲಿ ಹಾಕೋದು). ಬೆಕ್ಕು ಸಾಕೋರು ಅಪಾರ್ಟ್‌ಮೆಂಟಲ್ಲಿ ಜಾಸ್ತಿ ಆಗ್ತಿದಾರೆ, ಮಣ್ಣು ಭಾರ, ಅದನ್ನ ಪಕ್ಕದ ಅಂಗಡಿಯಿಂದಾನೇ ತಗೊಳ್ತಾರೆ. 20 ಕೆಜಿ ಚೀಲ ಬಿಚ್ಚಿ ಲೂಸ್ ಕೊಡಿ ಅಂತ ಕೇಳ್ತಾರೆ, ಸಣ್ಣೂರಲ್ಲಿ ಇಲ್ಲ ಅನ್ನೋದು ಕಷ್ಟ. ಕೊಡೋದಾದ್ರೆ ಬೇರೆ ಡಬ್ಬಿಗೆ ಸುರೀಬೇಡಿ, ಕಂಪನಿ ಚೀಲದಲ್ಲೇ ಬಾಯಿ ಕಟ್ಟಿಡಿ, ಗಿರಾಕಿ ಮುಂದೇನೇ ತೂಕ ಹಾಕಿ, ಬಿಚ್ಚಿದ ತಾರೀಖು ಚೀಲದ ಮೇಲೆ ಬರೀರಿ. ಬಿಚ್ಚಿ ಒಂದೂವರೆ ತಿಂಗಳಾದ್ರೆ ಕೊಬ್ಬು ಕೆಟ್ಟ ವಾಸನೆ ಬರತ್ತೆ, ನಮ್ಮ ಮೂಗಿಗೆ ಗೊತ್ತಾಗಲ್ಲ, ನಾಯಿ ಮೂಸಿ ಮುಖ ತಿರುಗಿಸತ್ತೆ.

ಬೋರ್ಡಿಂಗ್ ಮೊದಲ್ನೇ ವರ್ಷ ಬೇಡ. ಆಸೆ ಆಗತ್ತೆ, ಮೇಲ್ಗಡೆ ಮನೆ ಖಾಲಿ ಇದೆ, ದಸರಾ ದೀಪಾವಳಿ ಬೇಸಿಗೆ ರಜೆಗೆ ಜನ ಕ್ಯೂ ನಿಲ್ತಾರೆ. ಆದ್ರೆ ಬೋರ್ಡಿಂಗ್ ಅಂದ್ರೆ ರಾತ್ರಿ ಎರಡು ಗಂಟೆಗೆ ಯಾರಾದ್ರೂ ಅಲ್ಲೇ ಮಲಗಿರ್ಬೇಕು, ಊಟ ಬಿಟ್ಟ ನಾಯಿಗೆ ಕೈತುತ್ತು ಹಾಕ್ಬೇಕು, ಪಕ್ಕದ ಮನೆಯವ್ರಿಗೆ ಸಮಾಧಾನ ಹೇಳ್ಬೇಕು. ನಾನು ಬೋರ್ಡಿಂಗ್ ಇಟ್ಟಿದ್ದಾಗ ದೀಪಾವಳಿಲಿ ಒಂದು ಪಟಾಕಿ ಸದ್ದಿಗೆ ಹೆದ್ರಿ ಒಂದು ಬೀಗಲ್ ಬಾಗಿಲು ತೆಗೆದ ಸಂದಿಲೇ ಓಡಿಹೋಗಿ, ನಾವು ರಾತ್ರಿ ಎಲ್ಲಾ ಸ್ಕೂಟರ್‌ನಲ್ಲಿ ಹುಡುಕಿ ಬೆಳಗಿನ ಜಾವ ಒಂದು ಕಾರ್ ಕೆಳಗೆ ಸಿಕ್ತು, ಆಗ ನಾನು ಎರಡು ಬಾಗಿಲು ಹಾಕಿಸ್ದೆ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗಿಯೋದು. ಆ ಎರಡ್ನೇ ಬಾಗಿಲು ನಿಮ್ಮ ಗ್ರೂಮಿಂಗ್ ರೂಮಿಗೂ ಬೇಕು. ಶುರು ಮಾಡೋ ದಿನ ಬಂದ್ರೆ ವ್ಯಾಕ್ಸಿನ್ ಪುಸ್ತಕ ನೋಡ್ದೇ ಒಂದು ನಾಯಿನೂ ಒಳಗೆ ಬಿಡ್ಬೇಡಿ, ನೆಂಟ್ರ ನಾಯಿ ಆದ್ರೂ.

ಕೆಲಸ ಬಿಡ್ಲಾ ಅಂದ್ರಲ್ಲ, ಈಗ್ಲೇ ಬೇಡ. ನೀವು ಬೆಂಗಳೂರಲ್ಲಿರೋದೇ ಅನುಕೂಲ. ಒಂದು ಒಳ್ಳೆ ಸಲೂನ್ ಹಿಡ್ದು ಮೂರು ತಿಂಗಳು ಶನಿವಾರ ಭಾನುವಾರ ಫ್ರೀಯಾಗಿ ಕೆಲಸ ಮಾಡ್ತೀನಿ ಅನ್ನಿ, ಕೋರ್ಸ್ ಆಮೇಲೆ ಮಾಡಿ. ಒಂದೇ ದಿನ ಆರು ನಾಯಿ ತೊಳ್ದು, ಒಂದು ನಿಮ್ಮ ಮೇಲೇ ಉಚ್ಚೆ ಹೊಯ್ದು, ಇನ್ನೊಂದು ಕಚ್ಚೋಕೆ ಬಂದು, ಸಂಜೆಗೆ ಮೂಗೊಳಗೆ ಕೂದ್ಲು ತುಂಬ್ಕೊಂಡಾಗ್ಲೂ ಮುಂದಿನ ಶನಿವಾರ ಹೋಗ್ಬೇಕು ಅನ್ಸಿದ್ರೆ ನೋಡೋಣ. ಜೊತೆಗೆ ಊರಿಗೆ ಹೋದಾಗೆಲ್ಲ ಬೆಳಗ್ಗೆ ಆರಕ್ಕೆ ಎಂಸಿಸಿ ಬ್ಲಾಕ್, ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ನಡ್ಕೊಂಡು ಹೋಗಿ ನಾಯಿ ಎಣಿಸಿ, ಜಾತಿ ಬರ್ಕೊಳಿ. ಲ್ಯಾಬ್ರಡಾರ್, ಮುಧೋಳ, ನಾಟಿನೇ ಜಾಸ್ತಿ ಇದ್ರೆ ಬರೀ ಸ್ನಾನದ ಊರು, ಶಿಟ್ಜು, ಪರ್ಷಿಯನ್ ಬೆಕ್ಕು ಕಂಡ್ರೆ ಕತ್ತರಿ ಕೆಲಸದ ಊರು. ದಿನಕ್ಕೆ ಎರಡು ನಾಯಿ, ಸರಾಸರಿ 700 ರೂಪಾಯಿ, ತಿಂಗಳಿಗೆ 26 ದಿನ ಅಂದ್ರೆ 36,400 ಆಗತ್ತೆ, ಹೆಲ್ಪರ್ ಸಂಬಳ, ಕರೆಂಟು ಕಳೆದ್ರೆ ನಿಮ್ಗೆ ಉಳಿಯೋದು ಅಷ್ಟಕ್ಕಷ್ಟೇ. ನಾಲ್ಕು ನಾಯಿ ಆದ್ರೆ 72,800, ಆಗ ಮನೆ ನಡಿಯತ್ತೆ. ಒಬ್ಬರ ಕೈಲಿ ದಿನಕ್ಕೆ ನಾಲ್ಕೈದಕ್ಕಿಂತ ಜಾಸ್ತಿ ಚೆನ್ನಾಗಿ ಮಾಡೋಕಾಗಲ್ಲ. ಎರಡರಿಂದ ನಾಲ್ಕಕ್ಕೆ ಹೋಗೋಕೆ ನಂಗೆ ಹದಿನಾಲ್ಕು ತಿಂಗಳು ಹಿಡೀತು.

ಅಪ್ಪನ ಮಾತಿಗೆ ಜವಾಬು ಕೊಡೋಕೆ ಹೋಗ್ಬೇಡಿ, ಕ್ಯಾಶ್ ಕೌಂಟರಲ್ಲಿ ಕೂರ್ಸಿ. ನಮ್ಮ ಮಾವನೂ ಇದೇ ಮಾತಾಡ್ತಿದ್ರು, ನಾಯಿ ಮುಟ್ಟಿದ್ರೆ ಸ್ನಾನ ಮಾಡೋ ಮನುಷ್ಯ, ಕೂರೋಕೆ ಬೇರೆ ಜಾಗ ಇಲ್ಲ ಅಂತ ಅಂಗಡಿಗೆ ಬಂದ್ರು. ಮೂರು ತಿಂಗಳಿಗೆ ಬಂದ ಒಂದೊಂದು ನಾಯಿ ಹೆಸರೂ ಅವ್ರಿಗೆ ಬಾಯಿಪಾಠ, ಓನರ್ ಹೆಸರು ಒಂದೂ ಗೊತ್ತಿರ್ಲಿಲ್ಲ. ಬಿಲ್ಲಲ್ಲಿ ಗಿರಾಕಿ ಹೆಸರಿನ ಜಾಗದಲ್ಲಿ ಬ್ರೂನೋ, ಟಾಮಿ, ಜಿಮ್ಮಿ ಅಂತಾನೇ ಬರೀತಿದ್ರು, ಆಡಿಟರ್ ಬಂದು ತಲೆ ಚಚ್ಕೊಂಡ್ರು.